ನಿಮಗಿದು ಗೊತ್ತೆ? ಅಡುಗೆ ಎಣ್ಣೆಯ ಮನೆತನ ಕೊಟ್ಟ 1,125 ಕೋಟಿ

1945ರಲ್ಲಿ ಮಹಾರಾಷ್ಟ್ರದ ಅಮಲ್ನೇರಿನಲ್ಲಿ ಮೊಹಮ್ಮದ್ ಹಾಶಂ ಪ್ರೇಮ್‌ಜಿ ಶುರುಮಾಡಿದ ಅಡುಗೆ ಎಣ್ಣೆ ಉದ್ದಿಮೆಯೇ ಇಂದು ಬೆಂಗಳೂರಿನ ವಿಪ್ರೊ. ಕೋವಿಡ್ ಲಾಕ್‌ಡೌನ್ ಶುರುವಾದ ಹೊಸತರಲ್ಲೇ, 2020ರ ಏಪ್ರಿಲ್ 1ರಂದು, ಈ ಬಳಗ 1,125 ಕೋಟಿ ರೂಪಾಯಿ ನೆರವು ಘೋಷಿಸಿತು. ಅದರಲ್ಲಿ 1,000 ಕೋಟಿ, ಮಗ ಅಜೀಂ ಪ್ರೇಮ್‌ಜಿ ಕಟ್ಟಿದ ಪ್ರತಿಷ್ಠಾನದ್ದು. ಪುಣೆಯ ವಿಪ್ರೊ ಕ್ಯಾಂಪಸ್ಸೊಂದು 450 ಹಾಸಿಗೆಗಳ ಆಸ್ಪತ್ರೆಯಾಯಿತು.

2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಮೆಚ್ಚಬೇಕಾದ್ದೆಂದರೆ, ಈ 1,125 ಕೋಟಿ ಆ ಬಾಬತ್ತಿಗೆ ಸೇರಿದ್ದಲ್ಲ, ಅದರ ಮೇಲಿನದು!

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಂಥ ಊರಲ್ಲಿ ಅಪ್ಪ-ಮಗ ನಡೆಸುವ ಕಿರಾಣಿ ಅಂಗಡಿಗೆ ಈ ಕಾಯ್ದೆ ಅನ್ವಯಿಸದು. ಆದರೂ ಕಷ್ಟಕಾಲದಲ್ಲಿ ಬೆಲೆ ಏರಿಸದೆ ಸಾಲಕ್ಕೆ ಅಕ್ಕಿ-ಬೇಳೆ ಕೊಟ್ಟವರು ನಿಮ್ಮೂರಲ್ಲಿದ್ದರೆ, ಅವರ ಅಂಗಡಿಯನ್ನು ಮರೆಯದಿರಿ.