ನೀಲಿ ಎಲ್ಲಿದೆ?

ಎಳ್ಳಮಾವಾಸ್ಯೆಯಂದು ತ್ಯಾಗವೀರ ಲಿಂಗರಾಜರ ಸಿರಸಂಗಿಯಲ್ಲಿ ಭಕ್ತರೊಬ್ಬರ ಹೊಲಕ್ಕೆ ಚರಗ ಚೆಲ್ಲುವ ನಿಮಿತ್ತ ಹೋಗಿದ್ದೆವು. ಎರೆಭೂಮಿಯಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ನಡುವೆ ಅಕ್ಕಡಿಯಾಗಿ ಬಿತ್ತಿದ ಅಗಸೆ ಹೂಬಿಟ್ಟಿತ್ತು. ಅಗಸೆಯ ಚಟ್ನಿಯನ್ನು ಬಲ್ಲ ಓದುಗರಲ್ಲಿಯೂ ಅದರ ಹೂವನ್ನು ಕಂಡವರು ವಿರಳ. ಮುಂಜಾನೆ ಅರಳಿ ಮಧ್ಯಾಹ್ನದ ಹೊತ್ತಿಗೆ ಎಸಳುದುರಿಸುವ ಆ ತಿಳಿನೀಲಿ ಹೂವನ್ನು ನೋಡಬೇಕಾದರೆ ಬುತ್ತಿಯ ಗಂಟು ಬಿಚ್ಚುವ ಮೊದಲೇ ಹೊಲ ಸೇರಬೇಕು.

ಅಲ್ಲಿ ಆ ಮನೆಯ ಮೊಮ್ಮಗಳು ನಮ್ಮ ಮುಂದೆ ಒಂದು ಕಾಗದದ ಪೊಟ್ಟಣವನ್ನಿಟ್ಟಳು. ಒಳಗೆ ಕಂದು ಬಣ್ಣದ ಪುಡಿಯಿತ್ತು. "ಅಜ್ಜಾರ, ನವಿಲುಗರಿ ಅರದೇನ್ರಿ. ನೀಲಿ ಎಲ್ಲಿ ಹೋತ್ರಿ?" ಎಂದಳು. ಶ್ರಾವಣದ ಪ್ರವಚನದಲ್ಲಿ, ಬಂಗಾರವನ್ನು ಎಷ್ಟು ತೇಯ್ದರೂ ಹಳದಿ ಬಿಡದಂತೆ ನವಿಲುಗರಿ ನೀಲಿಯನ್ನು ಬಿಡದೆಂದು ನಾವೇ ಹೇಳಿದ್ದೆವು. ಮಗು ಅದನ್ನು ಒರಳಿಗೆ ಹಾಕಿ ಪರೀಕ್ಷಿಸಿತ್ತು. ಶಾಸ್ತ್ರ ಓದಿದ ನಮಗೆ ಆ ಗರಿಯನ್ನು ಒಮ್ಮೆ ತಿರುವಿ ನೋಡುವ ಬುದ್ಧಿ ಬಂದಿರಲಿಲ್ಲ.

ನವಿಲಿನ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಇರುವುದು ನಮ್ಮ ಕೂದಲನ್ನು ಕಪ್ಪಾಗಿಸುವ ಮೆಲನಿನ್ ಮಾತ್ರ. ಅದರ ಸೂಕ್ಷ್ಮ ಕಡ್ಡಿಗಳು ಗರಿಯ ಎಳೆಯೊಳಗೆ ನೇಯ್ಗೆಯಂತೆ ಸಾಲಾಗಿ ಜೋಡಿಸಿಕೊಂಡಿವೆ. ಸಾಲುಗಳ ನಡುವಿನ ಅಂತರ ಮಿಲಿಮೀಟರಿನ ಹತ್ತುಸಾವಿರದಲ್ಲಿ ಒಂದೆರಡು ಪಾಲು. ಬೆಳಕು ಅಲ್ಲಿ ಬಡಿದು ಮರಳುವಾಗ ನೀಲಿ ಅಲೆಗಳು ಒಂದಕ್ಕೊಂದು ಕೂಡಿ ಬಲಗೊಳ್ಳುತ್ತವೆ, ಉಳಿದವು ಕುಂದುತ್ತವೆ. ಅಂತರ ತುಸು ಹೆಚ್ಚಾದರೆ ಹಸಿರು ತೋರುತ್ತದೆ. ಅರೆದಾಗ ನೇಯ್ಗೆ ಕೆಟ್ಟಿತು, ನೀಲಿಯೂ ಹೋಯಿತು. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ರೆಕ್ಕೆಯದೂ ರಚನೆಯಿಂದ ಹುಟ್ಟಿದ ನೀಲಿಯೇ. (ಹೆಸರು ನೀಲಕಂಠವಾದರೂ ಅದರ ಕೊರಳು ನೀಲಿಯಲ್ಲ, ಹಾರಿದಾಗ ರೆಕ್ಕೆ ಬಾಲಗಳನ್ನು ನೋಡಬೇಕು.) ಈ ಹಕ್ಕಿಯ ಗರಿಗಳನ್ನು ಸರ್ ಸಿ. ವಿ. ರಾಮನ್ನರು 1930ರ ದಶಕದಲ್ಲಿ ಬೆಂಗಳೂರಿನಲ್ಲಿದ್ದಾಗ ಪರೀಕ್ಷಿಸಿ ಬರೆದಿದ್ದಾರೆ. ಪ್ರಾಣಿಗಳಲ್ಲಿ ಕಾಣುವ ನೀಲಿ ಬಹುಮಟ್ಟಿಗೆ ಇಂಥದೇ. ನಿಜವಾದ ನೀಲಿ ವರ್ಣದ್ರವ್ಯವಿರುವ ಜೀವಿಗಳು ತೀರ ಕೆಲವು.

ಹೂವಿನ ಮಾತು ಬೇರೆ. ಅಗಸೆ, ಶಂಖಪುಷ್ಪಗಳಲ್ಲಿ ಆಂಥೊಸಯಾನಿನ್ ಎಂಬ, ನೀರಿನಲ್ಲಿ ಕರಗುವ ಬಣ್ಣವಿದೆ. ಬದನೆಯ ಸಿಪ್ಪೆಯದೂ ಅದೇ ಕುಲ. ಮನೆಯಲ್ಲಿ ತಾಯಂದಿರು ಮಕ್ಕಳಿಗೆ ತೋರಿಸಬಹುದು: ನಾಲ್ಕು ಶಂಖಪುಷ್ಪಗಳ ಮೇಲೆ ಬಿಸಿನೀರು ಸುರಿದರೆ ನೀರು ನೀಲಿಯಾಗುವುದು, ನಿಂಬೆಹಣ್ಣು ಹಿಂಡಿದರೆ ನೇರಳೆಯಾಗುವುದು, ಇನ್ನೊಂದು ಬಟ್ಟಲಿಗೆ ಸೋಡಾ ಹಾಕಿದರೆ ಹಸಿರಿಗೆ ತಿರುಗುವುದು.

ಇಷ್ಟನ್ನು ಹೇಳಿ, ನೀಲಿ ಗಿಡದ ಎಲೆಯಲ್ಲಾದರೂ ನೀಲಿ ಸಿದ್ಧವಾಗಿ ಕುಳಿತಿರುವುದೆಂದು ಸೇರಿಸಿದೆವು. ಬುತ್ತಿ ಬಡಿಸುತ್ತಿದ್ದ ಮನೆಯ ಹಿರಿಯ ತಾಯಿ ನಕ್ಕರು. ಅವರ ತವರು ನೀಲಗಾರ ಮನೆತನ. ಮೈಸೂರು ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಬೇರೆ. ಇವರು ಅರಿವೆಗೆ ನೀಲಿ ಹಾಕುವ ಕಾಯಕದ ನಮ್ಮ ಸಮಾಜದವರು. "ಎಲಿಯಾಗ ನೀಲಿ ಇರೂದಿಲ್ರಿ ಅಜ್ಜಾರ. ಅರಿವಿ ಬಾನಿಯಿಂದ ಎತ್ತಿದಾಗೂ ಹಸರ ಇರ್ತೈತಿ. ಗಾಳಿ ಬಡದ ಮ್ಯಾಲೆ ನೀಲಿ ಆಕ್ಕೈತಂತ ನಮ್ಮ ಆಯಿ ಹೇಳತಿದ್ಲರಿ" ಎಂದರು.

ಒಂದೇ ದಿನ ಎರಡನೆಯ ತಪ್ಪು! ತಾಯಿ ಹೇಳಿದ್ದೇ ಸರಿ. ಎಲೆಯಲ್ಲಿರುವುದು ಇಂಡಿಕನ್ ಎಂಬ ಬಣ್ಣವಿಲ್ಲದ ವಸ್ತು. ಎಲೆಗಳನ್ನು ತೊಟ್ಟಿಯಲ್ಲಿ ನೆನೆಯಿಟ್ಟಾಗ ಅದು ಒಡೆಯುತ್ತದೆ. ಆ ನೀರನ್ನು ಬಸಿದು ಕೋಲಿನಿಂದ ಬಡಿಬಡಿದು ಗಾಳಿ ಕೂಡಿಸಿದರೆ ನೀಲಿ ಗಸಿ ತಳಕ್ಕಿಳಿಯುತ್ತದೆ. ಆ ನೀಲಿ ನೀರಿನಲ್ಲಿ ಕರಗದು. ಆದ್ದರಿಂದಲೇ ಬಣ್ಣಗಾರರು ಸುಣ್ಣ ಬೆರೆಸಿ ಬಾನಿಯನ್ನು ಹುಳಿಬರಿಸಿ ಅದನ್ನು ಕರಗುವಂತೆ ಮಾಡುತ್ತಿದ್ದರು. ಎತ್ತಿದ ಅರಿವೆ ಗಾಳಿಯಲ್ಲಿ ಮತ್ತೆ ನೀಲಿಯಾಗಿ, ಬಣ್ಣ ನೂಲಿನೊಳಗೇ ನಿಂತುಬಿಡುವುದು.

ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1880ರಲ್ಲಿ ಪ್ರಯೋಗಶಾಲೆಯಲ್ಲಿ ಈ ನೀಲಿಯನ್ನು ತಯಾರಿಸಿದರು. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ನೀಲಿ ಬೆಳೆ ಕುಸಿಯಿತು. ಅಗ್ಗದ ಪುಡಿ, ಗಿರಣಿಯ ಬಟ್ಟೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕಾಯಕ ನಿಂತು ಅಡ್ಡಹೆಸರು ಉಳಿಯಿತು. ಆ ತಾಯಿಯ ತವರಿನಲ್ಲಿಯೂ ಬಾನಿಗಳನ್ನು ಮುಚ್ಚಿ ಮೂರು ತಲೆಮಾರು ಸಂದಿವೆಯಂತೆ.

"ನೀವು ಬಂದು ಪ್ರವಚನದಲ್ಲಿ ಇದನ್ನು ಹೇಳಬೇಕು ತಾಯಿ" ಎಂದೆವು. "ನಾ ಏನ್ ಹೇಳ್ಲಿರಿ, ನೀವs ಹೇಳ್ರಿ" ಎಂದು ಅವರು ನಮ್ಮ ಎಲೆಗೆ ಇನ್ನೊಂದು ಕಡಬು ಹಾಕಿದರು. ಮಗು ಪೊಟ್ಟಣವನ್ನು ಮತ್ತೆ ಮಡಚಿ, ಶಂಖಪುಷ್ಪದ ಬಳ್ಳಿ ಯಾರ ಮನೆಯಲ್ಲಿದೆಯೆಂದು ಕೇಳಲು ಎದ್ದುಹೋಯಿತು.