ಕಾಂಕ್ರೀಟ್ ಒಡೆದು ಹರಿದ ಕಲ್ಲಾಂಗ್

ಸಿಂಗಪುರದ ಬಿಶಾನ್ ಬಡಾವಣೆಯಲ್ಲಿ ಕಲ್ಲಾಂಗ್ ನದಿ ದಶಕಗಳ ಕಾಲ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಮಳೆನೀರನ್ನು ಬೇಗ ಸಾಗಹಾಕುವುದೊಂದೇ ಅದರ ಕೆಲಸ.

2012ರ ಹೊತ್ತಿಗೆ ಆ 2.7 ಕಿಲೋಮೀಟರ್ ಕಾಲುವೆಯನ್ನು ಒಡೆದು, ಪಕ್ಕದ ಉದ್ಯಾನದೊಳಗೆ ಸುಮಾರು 3 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುವ ಹೊಳೆ ರೂಪಿಸಲಾಯಿತು. ದಡ ಕಟ್ಟಿದ ಬಗೆಯೇ ಸೊಗಸು: ಕಲ್ಲು, ನಾರಿನ ಹಾಸು, ಕೊಂಬೆಗಳ ಕಂತೆ, ನಡುನಡುವೆ ಗಿಡ. ಬೇರು ಇಳಿದಂತೆಲ್ಲ ಮಣ್ಣು ಬಿಗಿಯಾಯಿತು. ಜೋರು ಮಳೆ ಬಂದರೆ ನೀರು ಅಕ್ಕಪಕ್ಕದ ಹುಲ್ಲುಹಾಸಿಗೆ ಹರಡಿಕೊಳ್ಳುತ್ತದೆ. ಎಚ್ಚರಿಕೆಯ ಸೈರನ್ ಕೇಳಿ ಜನ ಎತ್ತರಕ್ಕೆ ಸರಿಯುತ್ತಾರೆ.

ಹೊರಗಿನಿಂದ ಪ್ರಾಣಿಗಳನ್ನು ತಂದು ಬಿಡದಿದ್ದರೂ, ಮೊದಲೆರಡು ವರ್ಷಗಳಲ್ಲೇ ಜೀವವೈವಿಧ್ಯ ಶೇ. 30ರಷ್ಟು ಹೆಚ್ಚಿತು. ಆಮೇಲೆ ನೀರುನಾಯಿಗಳೂ ಬಂದವು!

ಇಕ್ಕಟ್ಟಾದ ನಗರದಲ್ಲಿ ನದಿಗೆ ಜಾಗವೆಲ್ಲಿ ಎಂಬ ವಾದವನ್ನು ಇನ್ನು ಒಪ್ಪಬೇಕಾಗಿಲ್ಲ.