ಮೈಸೂರಿನ ಜಾವಾ ಮತ್ತು ಮಾಟುಂಗದ ಪಂಚಾಯಿತಿ

ಗುಮಾಸ್ತರ ಭಾನುವಾರ ಬೇರೆ, ಹೋಟೆಲಿನವರ ಭಾನುವಾರ ಬೇರೆ. ಕಚೇರಿಯಲ್ಲಿ ದುಡಿಯುವವನಿಗೆ ಅಂದು ಪೂರ್ಣ ವಿರಾಮ. ಹೋಟೆಲಿನಲ್ಲಿ ದುಡಿಯುವವನಿಗೆ ಅಂದೇ ಗಿರಾಕಿಗಳ ನೂಕುನುಗ್ಗಲು. ಈ ಎರಡು ವರ್ಗದವರೂ ಒಂದೆಡೆ ಕಲೆಯಬೇಕಾದರೆ, ಮಧ್ಯಾಹ್ನದ ಊಟದ ಪಂಕ್ತಿ ಮುಗಿದು ಸಂಜೆಯ ತಿಂಡಿಯ ಒಲೆ ಹೊತ್ತುವುದರೊಳಗಿನ ಒಂದೂವರೆ ಗಂಟೆಯ ಹೊರತು ಬೇರೆ ಮುಹೂರ್ತವಿಲ್ಲ. ಮುಂಬಯಿಯ ಮಾಟುಂಗದ ಒಂದು ಹಿತ್ತಲ ಓಣಿಯಲ್ಲಿ, ತೊಳೆದ ಪಾತ್ರೆಗಳನ್ನು ಬೋರಲು ಹಾಕಿದ ಕಟ್ಟೆಯ ಪಕ್ಕದಲ್ಲಿ, ಈ ಮುಹೂರ್ತಕ್ಕೆ ಸರಿಯಾಗಿ ನಾವು ಏಳೆಂಟು ಮಂದಿ ಕನ್ನಡಿಗರು ಹಲವು ವರ್ಷಗಳಿಂದ ಸೇರುತ್ತಿದ್ದೇವೆ. ನಮ್ಮ ಗೋಷ್ಠಿಗೆ ಅಧ್ಯಕ್ಷರಿಲ್ಲ, ವರ್ಗಣಿಯಿಲ್ಲ, ವಂದನಾರ್ಪಣೆಯಿಲ್ಲ. ವಿಷಯ ಮಾತ್ರ ಒಂದೇ: ಮೋಟಾರು ಸೈಕಲು.

ವಾಚಕರು ನಗಬಾರದು. ನಮ್ಮಲ್ಲಿ ಸ್ವಂತ ಮೋಟಾರು ಸೈಕಲು ಉಳ್ಳವರು ಮೂವರು ಮಾತ್ರ. ಉಳಿದವರು ಲೋಕಲ್ ರೈಲಿನ ಮಾಸಿಕ ಪಾಸಿನವರು. ಆದರೆ ಸಲಹೆಗಳಲ್ಲಿ ಮುಕ್ಕಾಲು ಪಾಲು ಹೊರಡುವುದು ಈ ಪಾಸಿನವರ ಬಾಯಿಂದಲೇ. ಯಂತ್ರವಿಲ್ಲದವನಿಗೆ ಯಂತ್ರಜ್ಞಾನ ಹೆಚ್ಚೆಂಬುದು ನಮ್ಮ ಪಂಚಾಯಿತಿಯ ಮೊದಲನೆಯ ಸೂತ್ರ.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಈ ಪಂಚಾಯಿತಿಯ ಮುಂದೆ ಒಂದು ನಿಜವಾದ ವ್ಯಾಜ್ಯ ಬಂದಿತು. ಗಲ್ಲಾದ ಮೇಲೆ ಕೂಡುವ ನಮ್ಮ ಮಿತ್ರರೊಬ್ಬರ ತಂದೆ ೧೯೬೮ರಲ್ಲಿ ಕೊಂಡಿದ್ದ ಜಾವಾ ಮೋಟಾರು ಸೈಕಲು ಮಲೆನಾಡಿನ ಮನೆಯ ಕೊಟ್ಟಿಗೆಯಲ್ಲಿ ಹುಲ್ಲಿನ ಮರೆಯಲ್ಲಿ ನಿಂತಿತ್ತು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಹಳೆಯ ಗಾಡಿಗಳ ವ್ಯಾಪಾರಿಯೊಬ್ಬನು ಅದನ್ನು ನೋಡಿ, ಮಿತ್ರರ ಮೂರು ತಿಂಗಳ ಸಂಬಳಕ್ಕೆ ಸಮನಾದ ಹಣವನ್ನು ಕೊಡುವೆನೆಂದಿದ್ದನು. ಬರುವ ಜೂನ್ ತಿಂಗಳಿಗೆ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕು. ಮಾರಬೇಕೇ, ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕೇ, ಮುಂಬಯಿಗೆ ತರಬೇಕೇ? ಅವರು ಕೇಳಿದ ಪ್ರಶ್ನೆ ಇಷ್ಟೇ. ಉತ್ತರಕ್ಕೆ ಎಂಟು ತಿಂಗಳು ಹಿಡಿಯಿತು.

ಯಾದವಗಿರಿಯ ಗಾಡಿ

ಜಾವಾ ಎಂಬ ಹೆಸರು ಕೇಳಿದೊಡನೆ ಮೈಸೂರಿನವರಾದ ನಮ್ಮ ಹಿರಿಯ ಗುಮಾಸ್ತರು ಎದ್ದು ಕುಳಿತರು. ಅವರು ಹೇಳಿದ ಇತಿಹಾಸವು ಕೇಳತಕ್ಕದ್ದಾಗಿದೆ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಚೆಕ್ ದೇಶದ ಉದ್ಯಮಿಯು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲು ವಿಭಾಗವನ್ನು ಕೊಂಡು, ೧೯೨೯ರಲ್ಲಿ ತನ್ನ ಹೆಸರಿನ ಮೊದಲ ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ 'ಜಾವಾ' ಎಂದು ಕರೆದನು. ೧೯೫೦ರ ದಶಕದಲ್ಲಿ ಭಾರತ ಸರಕಾರವು ವಿದೇಶೀ ವಾಹನಗಳ ಆಮದನ್ನು ಬಿಗಿಗೊಳಿಸಿದಾಗ, ಮುಂಬಯಿಯ ರುಸ್ತುಂ ಇರಾನಿಯವರೂ ಫರೋಖ್ ಇರಾನಿಯವರೂ ಇಲ್ಲಿಯೇ ಅದನ್ನು ತಯಾರಿಸಲು ಮುಂದಾದರು. ಐಡಿಯಲ್ ಜಾವಾ ಎಂಬ ಹೆಸರಿನ ಆ ಕಾರ್ಖಾನೆಯು ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು.

ಪರವಾನಗಿಯ ಅವಧಿ ತೀರಿದ ಮೇಲೆ, ೧೯೭೦ರ ದಶಕದಲ್ಲಿ ಗಾಡಿಯ ಹೆಸರು 'ಯೆಜ್ಡಿ' ಎಂದಾಯಿತು. ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಹೆಸರದು. ಇಲ್ಲಿ ಅಡಿಗೆಮನೆಯ ಮಿತ್ರರೊಬ್ಬರು ಅಡ್ಡಬಾಯಿ ಹಾಕಿದರು: "ಮುಂಬಯಿಯ ಇರಾನಿ ಹೋಟೆಲುಗಳವರಲ್ಲಿ ಬಹುಮಂದಿ ಯಜ್ದ್ ಕಡೆಯಿಂದಲೇ ಬಂದವರು. ಅವರು ಚಹಾ ಮತ್ತು ಬ್ರೂನ್ ಪಾವು ಕೊಟ್ಟರು, ನಾವು ಇಡ್ಲಿ ಕೊಟ್ಟೆವು. ಮೈಸೂರಿಗೆ ಮಾತ್ರ ಅವರು ಮೋಟಾರು ಸೈಕಲನ್ನೇ ಕೊಟ್ಟರು!" ಉಡುಪಿಯವರಿಗೂ ಇರಾನಿಗಳಿಗೂ ಇದ್ದ ಹಳೆಯ ಪೈಪೋಟಿಯಲ್ಲಿ ಅಂದಿನ ಒಂದು ಅಂಕ ಇರಾನಿಗಳ ಪಾಲಾಯಿತು.

ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ೧೯೮೦ರ ದಶಕದ ನಡುವಿನಲ್ಲಿ ಜಪಾನೀ ಕಂಪನಿಗಳ ಸಹಯೋಗದ ೧೦೦ ಸಿ.ಸಿ. ಗಾಡಿಗಳು ಬಂದವು, ಅವು ಹಗುರ, ಪೆಟ್ರೋಲು ಕುಡಿಯುವುದು ಕಡಿಮೆ. ಹೊಗೆಯ ನಿಯಮಗಳು ಬಿಗಿಯಾದವು. ಸಾಲವೂ ಕಾರ್ಮಿಕ ತಂಟೆಗಳೂ ಸೇರಿದವು. ಯಾದವಗಿರಿಯ ಭೋಂಗಾ ನಿಂತಾಗ ಎಷ್ಟೋ ಮನೆಗಳ ಒಲೆಯೂ ಮಂದವಾಯಿತೆಂದು ಹಿರಿಯರು ಹೇಳಿದಾಗ ನಮ್ಮಲ್ಲಿ ಯಾರೂ ಹಾಸ್ಯ ಮಾಡಲಿಲ್ಲ. ಕೆಲಸ ಮುಚ್ಚುವುದೆಂದರೇನೆಂಬುದನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ?

ಬುಲೆಟ್ಟಿನ ಪಕ್ಷ, ಜಾವಾದ ಪಕ್ಷ

ಗೋಷ್ಠಿಯಲ್ಲಿ ಎರಡು ಪಕ್ಷಗಳು ಸದಾ ಇವೆ. ಬುಲೆಟ್ ಪಕ್ಷದವರ ವಾದ: "೧೯೫೫ರಿಂದ ಮದರಾಸಿನಲ್ಲಿ ತಯಾರಾಗುತ್ತ ಬಂದ ಗಾಡಿ, ಹುಟ್ಟಿದ ಇಂಗ್ಲೆಂಡಿನಲ್ಲಿಯೇ ಅದರ ತಯಾರಿಕೆ ನಿಂತುಹೋದರೂ ಇಲ್ಲಿ ನಿಲ್ಲಲಿಲ್ಲ. ಅದರ ಗಾಂಭೀರ್ಯ ನಿಮ್ಮ ಜಾವಾಕ್ಕೆಲ್ಲಿ?" ಜಾವಾ ಪಕ್ಷದವರ ಉತ್ತರ: "ಗಾಂಭೀರ್ಯವೇನೋ ಸರಿ, ಅದನ್ನು ಒದ್ದು ಎಬ್ಬಿಸುವವನ ಕಾಲಿನ ಗತಿಯೇನು?" ಇವೆರಡರ ನಡುವೆ ಯಮಹಾ ಆರ್‌ಎಕ್ಸ್ ೧೦೦ರ ಏಕಾಂಗಿ ಭಕ್ತರೊಬ್ಬರು, ೧೯೮೫ರಲ್ಲಿ ಬಂದ ಆ ಗಾಡಿಯ ವೇಗವನ್ನು ಕೊಂಡಾಡುತ್ತ ಇಬ್ಬರಿಂದಲೂ ಬೈಗಳು ತಿನ್ನುತ್ತಾರೆ.

ಹೊಸತನ್ನೇ ಕೊಳ್ಳಬಾರದೇಕೆ ಎಂದು ತರುಣರೊಬ್ಬರು ಕೇಳಿದರು. ೨೦೧೮ರಲ್ಲಿ ಜಾವಾ ಹೆಸರೂ ೨೦೨೨ರಲ್ಲಿ ಯೆಜ್ಡಿ ಹೆಸರೂ ಮರಳಿ ಬಂದಿರುವುದು ನಿಜ. ಆದರೆ ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅವುಗಳ ಎಂಜಿನ್ನು ನಾಲ್ಕು ಹೊಡೆತದ್ದು, ನೀರಿನಿಂದ ತಣಿಯುವಂಥದ್ದು. ಹೆಸರು ಒಂದೇ ಆದರೂ ಯಂತ್ರ ಬೇರೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಮಾತು. ತಂದೆಯ ಗಾಡಿಗೆ ಅದು ಉತ್ತರವಾಗಲಾರದು.

ನಿಂತ ಗಾಡಿಯ ಚಿಕಿತ್ಸೆ

ವರ್ಷಗಟ್ಟಲೆ ನಿಂತ ಜಾವಾವನ್ನು ಎಬ್ಬಿಸುವ ಬಗೆಯ ಮೇಲೆ ನಡೆದ ಚರ್ಚೆಯ ಸಾರವನ್ನು, ಇದೇ ಸ್ಥಿತಿಯಲ್ಲಿರುವ ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ.

ಮೊದಲನೆಯದಾಗಿ, ಆತುರದಿಂದ ಒದೆಯಬಾರದು. ಸಿಲಿಂಡರಿನೊಳಗೆ ತುಕ್ಕು ಹಿಡಿದು ಪಿಸ್ಟನ್ನು ಕಚ್ಚಿಕೊಂಡಿರಬಹುದು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ತೂತಿನಿಂದ ಸ್ವಲ್ಪ ಎಣ್ಣೆಯನ್ನು ಬಿಟ್ಟು, ಒಂದು ರಾತ್ರಿಯಾದರೂ ನೆನೆಯಗೊಟ್ಟು, ಬಳಿಕ ಮೆಲ್ಲಗೆ ತಿರುಗಿಸಿ ನೋಡಬೇಕು. ಎರಡನೆಯದಾಗಿ, ಟ್ಯಾಂಕಿನ ಹಳೆಯ ಪೆಟ್ರೋಲನ್ನು ಚೆಲ್ಲಬೇಕು. ಅದು ಆರಿ ಅಂಟಾಗಿ ಕಾರ್ಬುರೇಟರಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿರುತ್ತದೆ. ಮೂರನೆಯದಾಗಿ, ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿ, ಸಂದು ೦.೪ ಮಿಲಿಮೀಟರಿನಷ್ಟಿರುವಂತೆ ಹೊಂದಿಸಬೇಕು.

ಎಣ್ಣೆಯ ವಿಷಯದಲ್ಲಿ ಹೊಸಬರು ತಪ್ಪುವುದುಂಟು. ಈ ಗಾಡಿಯದು ಎರಡು ಹೊಡೆತದ ಎಂಜಿನ್ನು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಕ್ರ್ಯಾಂಕಿನ ಕೋಣೆಯ ಮೂಲಕವೇ ಹಾದು ಸಿಲಿಂಡರಿಗೆ ಏರುವುದರಿಂದ, ಅಲ್ಲಿ ಎಣ್ಣೆಯನ್ನು ಬೇರೆಯಾಗಿ ತುಂಬಿಡುವಂತಿಲ್ಲ, ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ ಸುಮಾರು ೪೦ ಮಿಲಿಲೀಟರು ಹಳಬರ ಲೆಕ್ಕ. ಕಡಿಮೆಯಾದರೆ ಪಿಸ್ಟನ್ನು ಕಚ್ಚುತ್ತದೆ. ಹೆಚ್ಚಾದರೆ ಮಸಿ ಕಟ್ಟಿ ಸೈಲೆನ್ಸರು ಉಸಿರುಗಟ್ಟುತ್ತದೆ. ಗಾಡಿ ಓಡಿದ ಮೇಲೆ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣವನ್ನು ನೋಡಿದರೆ ಒಳಗಿನ ಆರೋಗ್ಯ ತಿಳಿಯುತ್ತದೆ. "ದೋಸೆಯ ಹಾಗೆಯೇ" ಎಂದರು ಅಡಿಗೆಯ ಮಿತ್ರರು, "ಹೊಂಬಣ್ಣದ ಕಂದು ಇದ್ದರೆ ಹದ. ಕರಿಯ ಮಸಿ ಇದ್ದರೆ ಪೆಟ್ರೋಲು ಹೆಚ್ಚು. ಬಿಳುಪೇರಿದ್ದರೆ ಪೆಟ್ರೋಲು ಸಾಲದು, ಕಾವು ಮಿತಿಮೀರಿದೆ." ಇದಕ್ಕಿಂತ ಸರಳವಾಗಿ ಯಾವ ಮೆಕ್ಯಾನಿಕ್ಕನೂ ಹೇಳಲಾರನು.

ಇಷ್ಟಾದರೂ ಎಂಜಿನ್ನು ಏರಿಳಿಯುತ್ತ ಓಡಿದರೆ ಕ್ರ್ಯಾಂಕಿನ ಎಣ್ಣೆಸೀಲುಗಳು ಗಟ್ಟಿಯಾಗಿ ಗಾಳಿ ಒಳನುಗ್ಗುತ್ತಿದೆಯೆಂದು ತಿಳಿಯಬೇಕು. ಈಗ ಮತ್ತೊಂದು ಎಚ್ಚರಿಕೆಯೂ ಅಗತ್ಯ. ೨೦೨೫ರಿಂದ ದೇಶದಲ್ಲಿ ನೂರಕ್ಕೆ ೨೦ ಭಾಗ ಎಥನಾಲ್ ಬೆರೆತ ಪೆಟ್ರೋಲೇ ಎಲ್ಲೆಡೆ ದೊರೆಯುತ್ತಿದೆ. ಎಥನಾಲು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಕೊಳವೆ, ಸೀಲುಗಳನ್ನು ಹೊಸದಾಗಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಬೇಕು.

ಕಾಗದವೇ ಗಾಡಿಯ ಪ್ರಾಣ

ಚಿಕಿತ್ಸೆಯ ಮಾತು ಮುಗಿದ ಮೇಲೆ, ಸಾರಿಗೆ ಕಚೇರಿಯ ವ್ಯವಹಾರ ಬಲ್ಲ ಗುಮಾಸ್ತರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಕಾಗದ ಯಾರ ಹೆಸರಿನಲ್ಲಿದೆ?" ತಂದೆಯ ಹೆಸರಿನಲ್ಲಿಯೇ ಇತ್ತು. ನೋಂದಣಿಯ ಅವಧಿಯೂ ಎಂದೋ ತೀರಿತ್ತು. ವ್ಯಾಪಾರಿ ಕಡಿಮೆ ಬೆಲೆ ಕೇಳಿದ ಗುಟ್ಟು ಆಗ ಬಯಲಾಯಿತು. ಕಾಗದವಿಲ್ಲದ ಗಾಡಿಗೆ ಗುಜರಿಯ ಬೆಲೆ. ಕಾಗದವುಳ್ಳ ಗಾಡಿಗೆ ಗಾಡಿಯ ಬೆಲೆ.

ಅವರು ತಿಳಿಸಿದ ಕ್ರಮ ಹೀಗಿದೆ. ಒಡೆಯನು ತೀರಿಕೊಂಡಾಗ ವಾರಸುದಾರನು ೩೧ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಗಾಡಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಇದನ್ನು ಮುಂದೂಡಬಾರದು. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿಯನ್ನು ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮಾರುವಾಗ ೨೯ ಮತ್ತು ೩೦ನೆಯ ನಮೂನೆಗಳು ಬೇಕು. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ೨೮ನೆಯ ನಮೂನೆಯ ಮೂಲಕ ನಿರಾಕ್ಷೇಪಣ ಪತ್ರ ಪಡೆಯಬೇಕು. ಐವತ್ತು ವರ್ಷ ಮೀರಿ ಮೂಲರೂಪದಲ್ಲಿರುವ ಗಾಡಿಗಳಿಗೆ ೨೦೨೧ರ ನಿಯಮದಂತೆ ಪಾರಂಪರಿಕ ವಾಹನವೆಂಬ ಪ್ರತ್ಯೇಕ ನೋಂದಣಿಯೂ ಉಂಟು. ಆದರೆ ಅದಕ್ಕೆ ೨೦,೦೦೦ ರೂಪಾಯಿ ಶುಲ್ಕ. ಮೇಲಾಗಿ ಪ್ರದರ್ಶನ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ನಮ್ಮಂಥವರಿಗೆ ಅದು ಮೂಗಿಗಿಂತ ಮೂಗುತಿ ಭಾರ.

ಹಳೆಯ ಗಾಡಿ ಕೊಳ್ಳುವವರಿಗೂ ಇದೇ ಪಾಠ. ಹೊಳೆಯುವ ಬಣ್ಣವನ್ನು ನೋಡಬಾರದು. ಚಾಸಿಯ ಸಂಖ್ಯೆಯನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಕಾಗದದೊಡನೆ ತಾಳೆ ನೋಡಬೇಕು. ಅಂಕಿಗಳ ಮೇಲೆ ಅರದ ಗುರುತು ಕಂಡರೆ ಅಲ್ಲಿಂದಲೇ ಹಿಂತಿರುಗಬೇಕು. ಇಲ್ಲವಾದರೆ ಅಗ್ಗದ ಆಸೆಗೆ ಮುಗ್ಗುಜೋಳ ಕೊಂಡಂತಾಗುತ್ತದೆ.

ಮುಂಬಯಿಗೆ ತರುವ ಮಾತು ತಾನಾಗಿಯೇ ಬಿದ್ದುಹೋಯಿತು. ಪೆಟ್ರೋಲು ಬರಿದು ಮಾಡಿ, ಗೋಣಿ ಸುತ್ತಿ ರೈಲಿನಲ್ಲಿ ಕಳುಹಿಸಬಹುದು. ಆದರೆ ಇಳಿಸಿದ ಮೇಲೆ ನಿಲ್ಲಿಸುವುದೆಲ್ಲಿ? ಚಾಳಿನ ಮೆಟ್ಟಿಲ ಕೆಳಗೆ ಮನುಷ್ಯರಿಗೇ ಸ್ಥಳವಿಲ್ಲ.

ಪಂಚಾಯಿತಿಯ ತೀರ್ಪು

ಕೊನೆಗೆ ಎಲ್ಲರೂ ಒಪ್ಪಿದ್ದು ಒಂದು ಮಾತನ್ನು: ಮಾರಲಿ, ಬಿಡಲಿ, ಮೊದಲು ಕಾಗದ ಸರಿಪಡಿಸಬೇಕು, ಗಾಡಿಯನ್ನು ಓಡುವಂತೆ ಮಾಡಬೇಕು. ಮಿತ್ರರು ಎರಡು ಸಲ ರಜೆ ಹಾಕಿ ಊರಿಗೆ ಹೋದರು. ದಂಡ ಕಟ್ಟಿ ಹೆಸರು ಬದಲಾಯಿಸಿದರು. ಸಮೀಪದ ಪೇಟೆಯಲ್ಲಿ ಕಣ್ಣು ಮಂಜಾದ ಒಬ್ಬ ವೃದ್ಧ ಮೆಕ್ಯಾನಿಕ್ಕರು ಸಿಕ್ಕಿದರು. ಅವರು ಬೆರಳ ತುದಿಯಿಂದಲೇ ಬೋಲ್ಟುಗಳನ್ನು ಗುರುತಿಸುತ್ತಿದ್ದರಂತೆ. ಅವರ ಬಳಿ ಕೆಲಸ ಕಲಿಯಲು ಒಬ್ಬ ಹುಡುಗನೂ ಇರಲಿಲ್ಲ.

ಗಾಡಿ ಎದ್ದ ದಿನ ಮಿತ್ರರು ಅಲ್ಲಿಂದಲೇ ದೂರವಾಣಿ ಮಾಡಿದರು. ಜಾವಾದಲ್ಲಿ ಒದೆಗೋಲು ಬೇರೆಯಲ್ಲ, ಗೇರುಗೋಲು ಬೇರೆಯಲ್ಲ. ಒಂದನ್ನೇ ಹಿಂದಕ್ಕೆ ತಿರುಗಿಸಿ ಒದೆಯುವುದು, ಮುಂದಕ್ಕೆ ತಂದು ಗೇರು ಹಾಕುವುದು. ಬಾಲ್ಯದಲ್ಲಿ ತಂದೆ ಹಾಗೆ ಮಾಡುವುದನ್ನು ಕಂಡಿದ್ದರಂತೆ; ಕಾಲಿಗೆ ತಾನಾಗಿಯೇ ತಿಳಿಯಿತಂತೆ. ಎರಡು ಸೈಲೆನ್ಸರುಗಳ ಸದ್ದನ್ನು ನಾವು ಪಾತ್ರೆಯ ಕಟ್ಟೆಯ ಬಳಿ ನಿಂತು ಕೇಳಿದೆವು. ಬುಲೆಟ್ ಪಕ್ಷದವರೂ ಸುಮ್ಮನಿದ್ದರು.

ಮೇ ತಿಂಗಳಲ್ಲಿ ಅವರು ಗಾಡಿಯನ್ನು ಮಾರಿದರು. ಕೊಂಡವರು ಮೈಸೂರಿನ ಒಬ್ಬ ಸವಾರರು. ವ್ಯಾಪಾರಿ ಹೇಳಿದ್ದಕ್ಕಿಂತ ಒಂದೂವರೆ ಪಾಲು ಹೆಚ್ಚಿನ ಬೆಲೆ ಬಂದಿತು. ರಿಪೇರಿಯ ಖರ್ಚು ಕಳೆದು ಉಳಿದುದರಲ್ಲಿ ಮಗಳ ಶುಲ್ಕ ಸಂದಾಯವಾಯಿತು. ಜಾವಾ ಪಕ್ಷದ ಇಬ್ಬರು ಎರಡು ವಾರ ಅವರೊಡನೆ ಮಾತು ಬಿಟ್ಟರು. "ತಂದೆಯ ಗಾಡಿ" ಎಂದರು ಅವರು. "ತಂದೆಯ ಮೊಮ್ಮಗಳು" ಎಂದು ಮಿತ್ರರು ಉತ್ತರಿಸಿದರು. ಯಾರದು ಸರಿಯೆಂಬ ಚರ್ಚೆ ಇನ್ನೂ ಮುಗಿದಿಲ್ಲ; ಮುಗಿಯಬೇಕೆಂಬ ಆತುರವೂ ನಮಗಿಲ್ಲ.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ಡಿ ಪ್ರಿಯರು ಊರೂರುಗಳಲ್ಲಿ ಗಾಡಿಗಳೊಡನೆ ಸೇರುವ ಪದ್ಧತಿಯುಂಟು. ಆ ದಿನ ಕೊಂಡವರು ಮಿತ್ರರಿಗೆ ಒಂದು ಚಿತ್ರವನ್ನು ಕಳುಹಿಸಿದರು. ಅದನ್ನು ನಮ್ಮೆಲ್ಲರಿಗೂ ತೋರಿಸಿ, ಅವರು ಬಹಳ ಹೊತ್ತು ನೋಡಿದರು. ಬಳಿಕ ಪ್ಲಗ್ಗಿನ ಬಗೆಗೂ ಎಣ್ಣೆಯ ಪ್ರಮಾಣದ ಬಗೆಗೂ ಹೊಸ ಒಡೆಯರಿಗೆ ತಿಳಿಸಬೇಕಾದ ಸೂಚನೆಗಳನ್ನು ಒಂದೊಂದಾಗಿ ಹೇಳತೊಡಗಿದರು. ಸಂಜೆಯ ಒಲೆ ಹೊತ್ತುವವರೆಗೂ ಅವು ಮುಗಿಯಲಿಲ್ಲ. ನಮ್ಮ ಮೊದಲನೆಯ ಸೂತ್ರ ಮತ್ತೊಮ್ಮೆ ನಿಜವಾಯಿತು: ಅವರ ಬಳಿಯೂ ಈಗ ಗಾಡಿಯಿಲ್ಲ.